ಟೇಪಿಗೆ ಸಿಗದ ಕೊಬ್ಬು

ಟೈಲರ್ ಮಾಸ್ತರರಿಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಶುಗರ್ ಗುಳಿಗೆ ತಪ್ಪಿಸಿದವರಲ್ಲ, ಸಿಹಿ ಮುಟ್ಟಿದವರಲ್ಲ; ಬೀಡಿಯೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರತಿ ತಿಂಗಳ ಮೊದಲ ದಿನ ಅಂಗಡಿಯ ಕನ್ನಡಿ ಮುಂದೆ ನಿಂತು, ಕೊರಳಲ್ಲಿದ್ದ ಟೇಪನ್ನು ಸೊಂಟಕ್ಕೆ ಸುತ್ತಿ, "ಮೂವತ್ತೇ" ಎಂದು ಹೆಂಡತಿಗೆ ಕೇಳುವಂತೆ ಹೇಳುತ್ತಿದ್ದರು. ಮದುವೆಯ ಪ್ಯಾಂಟು ಈಗಲೂ ಹಿಡಿಸುತ್ತದೆ ಎಂಬ ಜಂಬ ಬೇರೆ.

ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಹಚ್ಚುವುದು ಹೆಂಡತಿಯ ಕೆಲಸ. ಆಕೆಗೆ ಯಾವ ವಿಷಯವಾದರೂ ಬುಡಸಮೇತ ತಿಳಿಯಬೇಕು, ಅರ್ಧಂಬರ್ಧ ಉತ್ತರ ಕೊಟ್ಟವರನ್ನು ಬಿಡುವವಳೇ ಅಲ್ಲ. ಅಂದು ಹುಕ್ಕು ಹುಡುಕುತ್ತ ಮಿಶಿನ್ನಿನ ಡ್ರಾಯರ್ ಎಳೆದರೆ ತಳದಲ್ಲಿ ಗುಳಿಗೆಗಳು ಸಿಕ್ಕವು. ಒಂದೂ ಖರ್ಚಾಗಿರಲಿಲ್ಲ.

"ಏನ್ರೀ ಇದು?"

"ಮೂರು ತಿಂಗಳ ಹಿಂದೆ ಡಾಕ್ಟರು ಕೊಟ್ಟಿದ್ದು. ರಕ್ತದ ಕೊಬ್ಬಿಗಂತೆ. ನನಗೆಲ್ಲಿದೆ ಕಣೇ ಕೊಬ್ಬು? ಬೇಕಾದ್ರೆ ನೀನೇ ಟೇಪ್ ಹಿಡಿದು ನೋಡು."

ಆಕೆ ಗುಳಿಗೆಗಳನ್ನು ಕೈಯಲ್ಲೇ ಹಿಡಿದುಕೊಂಡಳು. ಈಚೆಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ಮಾಸ್ತರರು ನಡುವೆ ನಿಂತು ಏದುಸಿರು ಬಿಡುತ್ತಿದ್ದರು. ಕೇಳಿದರೆ "ವಯಸ್ಸಾಯ್ತಲ್ಲ" ಎನ್ನುವರು. ಐವತ್ತೆರಡು ಅದ್ಯಾವ ಮಹಾ ವಯಸ್ಸು?

ಅಷ್ಟರಲ್ಲಿ ಹಳೇ ಗಿರಾಕಿ ನರ್ಸಮ್ಮ ತಮ್ಮ ಬಿಳಿ ಕೋಟಿನ ತೋಳು ಚಿಕ್ಕದು ಮಾಡಿಸಲು ಬಂದರು. ಹೆಂಡತಿ ಗುಳಿಗೆಗಳನ್ನು ಅವರ ಕೈಗಿಟ್ಟು ಗಂಡನ ವಾದವನ್ನೂ ಹೇಳಿದಳು. ನರ್ಸಮ್ಮ ನಕ್ಕರು.

"ಮಾಸ್ಟ್ರೇ, ನಿಮ್ಮ ಟೇಪು ಅಳೆಯೋದು ಮೈ ಸುತ್ತಳತೆ. ರಕ್ತದಲ್ಲಿರೋ ಕೊಬ್ಬು ಗೊತ್ತಾಗೋದು ರಕ್ತ ಪರೀಕ್ಷೆಯಿಂದ ಮಾತ್ರ."

"ತೆಳ್ಳಗಿದ್ದೋರಿಗೂ ಇರುತ್ತಾ?" ಹೆಂಡತಿ ಸೂಜಿ ಕೆಳಗಿಟ್ಟಳು.

"ಇರಬಹುದು ಅಕ್ಕಾ. ಸಕ್ಕರೆ ಕಾಯಿಲೆ ಇದ್ದಾಗ ಲಿವರ್ ರಕ್ತಕ್ಕೆ ಕೊಬ್ಬನ್ನ ಜಾಸ್ತಿ ಬಿಡುತ್ತೆ. ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಏರುತ್ತೆ, ಒಳ್ಳೇ ಕೊಲೆಸ್ಟ್ರಾಲ್ ಇಳಿಯುತ್ತೆ. ಕೆಟ್ಟದ್ದು ಹೋಗಿ ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತೆ."

"ನನ್ನ ಶುಗರ್ ಕಂಟ್ರೋಲಲ್ಲಿದೆಯಲ್ಲ ಸಿಸ್ಟರ್," ಎಂದರು ಮಾಸ್ತರರು.

"ಬಹಳ ಒಳ್ಳೇದು. ಆದ್ರೆ ಅದೊಂದೇ ಸಾಲದು. ಕೊಬ್ಬು, ಬಿ.ಪಿ. ಎರಡೂ ಹತೋಟೀಲಿರಬೇಕು."

"ಸೇರಿಕೊಂಡ್ರೆ ನೋವಾಗಲ್ವಾ? ತಿಳಿಯೋದು ಹೇಗೆ?" ಹೆಂಡತಿಗೆ ಇನ್ನೂ ಸಮಾಧಾನವಿಲ್ಲ.

"ತಿಳಿಯೋದೇ ಇಲ್ಲ, ಅದೇ ಕಷ್ಟ. ಹೃದಯದ ನಾಳ ಕಟ್ಟಿಕೊಂಡ್ರೆ ಹಾರ್ಟ್ ಅಟ್ಯಾಕು, ಮೆದುಳಿನದ್ದಾದ್ರೆ ಲಕ್ವ. ಸಕ್ಕರೆ ಕಾಯಿಲೆಯೋರಿಗೆ ಕೆಲವು ಸಲ ಎದೆನೋವೂ ಬರಲ್ಲ. ಬರೀ ಏದುಸಿರು, ಬೆವರು, ಸುಸ್ತು."

ಹೆಂಡತಿ ಗಂಡನ ಮುಖ ನೋಡಿದಳು. "ಇವರು ಮೆಟ್ಟಿಲ ಮೇಲೆ ನಿಂತುಬಿಡ್ತಾರೆ, ಉಸಿರು ಸಾಲಲ್ಲ. ಒಂದು ತಿಂಗಳಾಯ್ತು."

ನರ್ಸಮ್ಮನ ನಗು ಮಾಯವಾಯಿತು. "ಕೋಟು ಹಾಗಿರಲಿ. ಈಗಲೇ ಆಸ್ಪತ್ರೆಗೆ ನಡೀರಿ."

ಮಾಸ್ತರರು ಗಿರಾಕಿಗಳ ನೆಪ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಶಟರ್ ಅರ್ಧ ಎಳೆದಾಗಿತ್ತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ರಕ್ತ ತೆಗೆದರು, ಇನ್ನೂ ಕೆಲವು ಪರೀಕ್ಷೆಗಳಾದವು. ಟ್ರೈಗ್ಲಿಸರೈಡು ವಿಪರೀತ ಏರಿತ್ತು. ಹೃದಯದ ಒಂದು ನಾಳ ಕಿರಿದಾಗಿತ್ತು, ಪುಣ್ಯಕ್ಕೆ ಮುಚ್ಚಿರಲಿಲ್ಲ. "ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು" ಎಂದ ಡಾಕ್ಟರು ಹೊಸದಾಗಿ ಔಷಧಿ ಬರೆದುಕೊಟ್ಟರು. ಬೀಡಿ ಬಿಡಬೇಕು, ಎಣ್ಣೆಯಲ್ಲಿ ಕರಿದದ್ದು ಕಡಿಮೆ ಮಾಡಬೇಕು, ತಾವು ಹೇಳಿದಷ್ಟು ದೂರ ಮಾತ್ರ ವಾಕಿಂಗ್ ಮಾಡಬೇಕು ಎಂದರು.

ಮನೆಗೆ ಬಂದ ಮಾಸ್ತರರು ಊಟ ಮಾಡಿ, ಹೆಂಡತಿ ನೆನಪಿಸುವ ಮೊದಲೇ ಅಂಗೈ ಚಾಚಿದರು.

"ಹೆದರಿಕೆ ಆಗ್ತಿದೆ ಕಣೇ."

"ನನಗೂ ಆಗ್ತಿದೆ. ಅದಕ್ಕೇ ನುಂಗಿ," ಎಂದು ಆಕೆ ಗುಳಿಗೆಯಿಟ್ಟು, ನೀರಿನ ಲೋಟ ಹಿಡಿದು ಪಕ್ಕದಲ್ಲೇ ಕೂತಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ಇರಬಹುದು. ಸಣಕಲಾಗಿರಲಿ, ದಪ್ಪಗಿರಲಿ, ವರ್ಷಕ್ಕೊಮ್ಮೆಯಾದರೂ ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪರೀಕ್ಷೆ ಮಾಡಿಸಿ. ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿ. ಏದುಸಿರು ಬಂದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಮನೆಯವರನ್ನು ಇವತ್ತೇ ಕೇಳಿ. ನೆನಪಿಲ್ಲ ಎಂದರೆ, ನಾಳೆ ಬೆಳಿಗ್ಗೆ ನೀವೇ ಜೊತೆಗೆ ಹೊರಡಿ.