ಗೋಡೆಗೆ ಹಚ್ಚಿದ ಟೀವಿ

ಹುಲಿಗೆವ್ವ ಏನನ್ನು ಬೇಕಾದರೂ ಹಚ್ಚುವ ಹೆಂಗಸು. ಫೋನ್ ಹಚ್ಚುತ್ತಾಳೆ, ಫ್ಯಾನ್ ಹಚ್ಚುತ್ತಾಳೆ, ಊರಲ್ಲಿದ್ದಾಗ ಓಣಿಯ ಮಕ್ಕಳನ್ನೆಲ್ಲ ಸಾಲಿಗೆ, ಅಂದರೆ ಶಾಲೆಗೆ, ಹಚ್ಚಿ ಬಂದವಳು. ಕೊಪ್ಪಳದ ಕಡೆಯಿಂದ ಬಿಟಿಎಂ ಲೇಔಟಿನ ಮಗನ ಮನೆಗೆ ಬಂದು ವರ್ಷವಾಗುತ್ತ ಬಂದರೂ ಈ ಒಂದು ಮಾತು ಅವಳ ಬಾಯಿ ಬಿಟ್ಟು ಹೋಗಿರಲಿಲ್ಲ. ಅಂಗಡಿಯವರು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಯಾರಿಗೂ ಏನೂ ನಷ್ಟವಾಗಿರಲಿಲ್ಲ.

ಮನೆಯೇನೋ ಒಳ್ಳೆಯದು. ಗಾಳಿ ಬೆಳಕು ಧಾರಾಳ, ನೀರಿಗೆ ಬರವಿಲ್ಲ, ಸೊಸೆ ವಿಜಯಲಕ್ಷ್ಮಿ ಕೆಲಸ ಮಾಡುವ ಲ್ಯಾಬ್ ನಡೆದು ಹೋಗುವಷ್ಟು ಹತ್ತಿರ. ಇಂಥದ್ದು ಸಿಗುವ ತನಕ ಮಗ ಬಸವಂತ ಚಪ್ಪಲಿ ಸವೆಸಿದ್ದ. ಕೆಳಗಿನ ಮನೆಯಲ್ಲಿರುವ ಓನರ್ ಗಂಗಾಧರಯ್ಯ, ಅಂಜನಮ್ಮ ದಂಪತಿಯದು ಒಂದೇ ಷರತ್ತು: ಗೋಡೆಗೆ ಮೊಳೆ ಹೊಡೆಯಬಾರದು. ಹಿಂದಿದ್ದವರು ಒಂದು ಕ್ಯಾಲೆಂಡರಿಗಾಗಿ ಮೊಳೆ ಹೊಡೆಯಲು ಹೋಗಿ ಮನೆಯನ್ನೇ ಕಳೆದುಕೊಂಡಿದ್ದರು. ಹಾಗಾಗಿ ಹುಲಿಗೆವ್ವನ ಮನೆಯ ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತುಬಿದ್ದು, ಗಾಳಿ ಬಂದಾಗಲೆಲ್ಲ ತಿಂಗಳು ಬದಲಾಯಿಸಿಕೊಳ್ಳುತ್ತಿತ್ತು.

ಟೀವಿ ಆರಿಸಿದ್ದು ಅವಳೇ. ಜಯನಗರದ ಅಂಗಡಿಯಲ್ಲಿ ಗೋಡೆ ತುಂಬ ಟೀವಿಗಳು, ಎಲ್ಲದರಲ್ಲೂ ಒಂದೇ ಗಿಣಿ ಹಾರುತ್ತಿತ್ತು. ಸೇಲ್ಸ್‌ನವನು ಫೋರ್ ಕೆ, ಡಾಲ್ಬಿ ಎಂದು ಶುರು ಹಚ್ಚಿದ. ಬಸವಂತನ ಕಣ್ಣು ಎಲ್ಲಕ್ಕಿಂತ ದೊಡ್ಡದರ ಮೇಲಿತ್ತು. ಹುಲಿಗೆವ್ವ ಸುಮ್ಮನೆ ಕೇಳಿ, "ಬಂದ್ ಮಾಡಿ ತೋರಸಪಾ" ಎಂದಳು.

"ಆಫ್ ಮಾಡಿದ್ರೆ ಏನ್ ಕಾಣ್ಸುತ್ತೆ ಅಜ್ಜಿ?"

"ಮನಿಯಾಗ ದಿನದಾಗ ಬಾಳ ಹೊತ್ತು ಅದು ಬಂದ್ ಇರ್ತದ. ಅವಾಗ ಹೆಂಗ ಕಾಣತದ ನೋಡಬೇಕಲ್ಲ."

ದೊಡ್ಡದನ್ನು ಬಂದ್ ಮಾಡಿದ ಕೂಡಲೇ ಅದರಲ್ಲಿ ಅಂಗಡಿಯ ಟ್ಯೂಬ್‌ಲೈಟುಗಳೆಲ್ಲ ಹೊಳೆದವು, ನಡುವೆ ಅವಳದೇ ಮುಖ. ದಿನವೆಲ್ಲ ತನ್ನ ಮುಖ ತಾನೇ ನೋಡುತ್ತ ಕೂರಲು ಅವಳಿಗೆ ಮನಸ್ಸಿರಲಿಲ್ಲ. ಪಕ್ಕದಲ್ಲಿದ್ದ ಮಂಕು ಪರದೆಯ ನಲವತ್ತಮೂರು ಇಂಚಿನದು ಒಪ್ಪಿಗೆಯಾಯಿತು. ಮನೆಯಲ್ಲಿ ಅದಕ್ಕೊಂದು ಬೆಂಚೂ ಸಿದ್ಧವಾಯಿತು.

ಟೀವಿ ಕೂರಿಸಲು ದಿನೇಶ್ ಎಂಬ ಮೆಕ್ಯಾನಿಕ್ ಬಂದಾಗ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು.

"ಎಲ್ಲಿ ಹಾಕ್ಲಿ ಅಜ್ಜಿ?"

ಬೆಂಚು ಗೋಡೆಯಿಂದ ಸ್ವಲ್ಪ ದೂರವಿತ್ತು. ದೂಡಿ, ಟೀವಿಯನ್ನು ಗೋಡೆಗೆ ತಾಗಿಸಿ ಇಡಲಿ ಎಂಬುದು ಅವಳ ಮನಸ್ಸು. "ಆ ಗ್ವಾಡಿಗಿ ಹಚ್ಚಿಬಿಡಪಾ" ಎಂದು ಹೇಳಿ ಚಹಾ ಮಾಡಲು ಒಳಗೆ ಹೋದಳು.

ಡ್ರಿಲ್ ಸದ್ದು ಕೇಳಿಸಿತು. ಬಿಟಿಎಂನಲ್ಲಿ ಆ ಸದ್ದು ಇಲ್ಲದ ದಿನವೇ ಇಲ್ಲ, ಪಕ್ಕದಲ್ಲಿ ಇನ್ನೊಂದು ಪಿಜಿ ಏಳುತ್ತಿತ್ತು. ಅವಳು ನಿಶ್ಚಿಂತೆಯಾಗಿ ಶುಂಠಿ ಜಜ್ಜಿದಳು. ಚಹಾ ಹಿಡಿದು ಹೊರಗೆ ಬಂದರೆ ಟೀವಿ ಗೋಡೆಯ ಮೇಲೆ, ಬೆಂಚಿನ ತುಂಬ ಸಿಮೆಂಟಿನ ಪುಡಿ.

ಅವಳು ಚಹಾ ಕೆಳಗಿಟ್ಟಳು. "ಏನ್ ಮಾಡಿಬಿಟ್ಟಿಯೋ ಯಪ್ಪಾ."

"ನೀವೇ ಗೋಡೆಗೆ ಹಚ್ಚು ಅಂದ್ರಲ್ಲ ಅಜ್ಜಿ. ಅದಕ್ಕೇ ಸ್ಟ್ಯಾಂಡ್ ಹೊಡ್ದೆ."

ಮಗನಿಗೆ ಫೋನ್ ಹಚ್ಚಬೇಕೆಂದು ಕೈ ಹೋಯಿತು, 'ಹಚ್ಚು' ಎಂಬ ಆ ಮಾತು ನೆನಪಾಗಿ ಹಿಂದೆ ಬಂತು. ಮತ್ತೆ ಗಂಟು ಮೂಟೆ, ಮತ್ತೆ ಮನೆ ಹುಡುಕಾಟ, ಅದೂ ತನ್ನ ಒಂದು ಮಾತಿನಿಂದ. ಇದಕ್ಕಿಂತ ಊರಲ್ಲೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು.

"ಏನಮ್ಮಾ ಸದ್ದು?" ಗಂಗಾಧರಯ್ಯ ಬಾಗಿಲಲ್ಲಿ ನಿಂತಿದ್ದರು.

ಹುಲಿಗೆವ್ವ ಸೆರಗು ಹರಡಿ ಟೀವಿಗೆ ಅಡ್ಡ ನಿಂತಳು. ಕಡ್ಡಿಯಂಥ ಅವಳ ಎರಡು ಬದಿಗೂ ಟೀವಿ ಧಾರಾಳವಾಗಿ ಕಾಣುತ್ತಿತ್ತು. "ನಂದ ತಪ್ಪರೀ. ಮಗಗ ಏನೂ ಗೊತ್ತಿಲ್ಲ. ನಮ್ಮನ್ನ ಬಿಡಸಬ್ಯಾಡ್ರಿ."

ಗಂಗಾಧರಯ್ಯ ಹತ್ತಿರ ಬಂದು ಬಗ್ಗಿ, ಟೀವಿಯ ಹಿಂದೆ ಇಣುಕಿದರು. ಗೋಡೆಯನ್ನು ಬೆರಳಿನಿಂದ ಬಡಿದು ನೋಡಿದರು. ಆಮೇಲೆ ದಿನೇಶನನ್ನು ಮೆಲ್ಲಗೆ ಕೇಳಿದರು, "ಗೋಡೆ ಉದುರ್ಲಿಲ್ವೇನಪ್ಪಾ?"

"ಗಟ್ಟಿ ಗೋಡೆ ಸಾರ್. ಇನ್ನೂ ದೊಡ್ಡ ಟೀವಿ ಬೇಕಾದ್ರೂ ತಡ್ಕೊಳ್ಳುತ್ತೆ."

ಗಂಗಾಧರಯ್ಯನವರ ಮುಖ ಅರಳಿತು. ಮೆಟ್ಟಿಲ ಬಳಿ ಹೋಗಿ, "ಲೇ, ಬಾ ಇಲ್ಲಿ. ಗೋಡೆ ಬಿದ್ದಿಲ್ಲ" ಎಂದು ಹೆಂಡತಿಯನ್ನು ಕೂಗಿದರು.

ಆಗ ತಿಳಿಯಿತು ಸಂಗತಿ. ಮೊಳೆ ಹೊಡೆದರೆ ಗೋಡೆ ಪುಡಿಪುಡಿಯಾಗುತ್ತದೆಂದು ಮನೆ ಕಟ್ಟಿದ ಮೇಸ್ತ್ರಿ ಅಂಜನಮ್ಮನ ತಲೆಗೆ ತುಂಬಿದ್ದ. ಅವರ ಹೊಸ ಟೀವಿಯೂ ಗೋಡೆ ಕಾಣದೆ, ದಸರಾದಿಂದ ಆಕೆಯ ಹೊಲಿಗೆ ಮೆಷಿನ್ನಿನ ಮೇಲೆ ಕೂತಿತ್ತು. ಗಂಗಾಧರಯ್ಯನವರಿಗೆ ಮ್ಯಾಚು ನೋಡಲು ಕತ್ತು ನೋವು, ಆಕೆಗೆ ರವಿಕೆ ಹೊಲಿಯಲು ಜಾಗವಿಲ್ಲ.

ಏದುಸಿರು ಬಿಡುತ್ತ ಬಂದ ಅಂಜನಮ್ಮ ಗೋಡೆಯನ್ನು ಸವರಿದರು, ಟೀವಿಯನ್ನು ಹಿಡಿದು ಒಮ್ಮೆ ಎಳೆದೂ ನೋಡಿದರು. ಅದು ಅಲುಗಲಿಲ್ಲ. "ಹಾಳಾದವ್ನು, ಇಷ್ಟು ದಿನ ನನ್ನ ಮೆಷಿನ್ ಮೇಲೆ ಟೀವಿ ಕೂರಿಸ್ಬಿಟ್ಟ" ಎಂದು ಎಲ್ಲಿದ್ದಾನೋ ಗೊತ್ತಿಲ್ಲದ ಮೇಸ್ತ್ರಿಯನ್ನು ಬೈದರು. ಆಮೇಲೆ ಹುಲಿಗೆವ್ವನ ಕಡೆ ತಿರುಗಿದರು. "ನೀವ್ಯಾಕ್ರೀ ಹೆದರ್ತೀರಾ? ಯಾರೂ ಬಿಡಿಸಲ್ಲ. ಮೊದ್ಲು ಆ ಕ್ಯಾಲೆಂಡರಿಗೂ ಒಂದು ಮೊಳೆ ಹೊಡಿಸ್ಕೊಳ್ಳಿ." ಹುಲಿಗೆವ್ವನಿಗೆ ಹೋದ ಜೀವ ಬಂದಂತಾಯಿತು. ಆರಿದ ಚಹಾ ಚೆಲ್ಲಿ ಎಲ್ಲರಿಗೂ ಹೊಸದಾಗಿ ಮಾಡಿಕೊಟ್ಟಳು.

ಬಸವಂತ ಬಂದಾಗ ಟೀವಿಯ ಪಕ್ಕದಲ್ಲಿ ಕ್ಯಾಲೆಂಡರು ಗೋಡೆ ಸೇರಿ ನೆಟ್ಟಗೆ ನಿಂತಿತ್ತು. ಅವನ ಮುಖ ಬಿಳಿಚಿಕೊಂಡಿತು. "ಯವ್ವಾ, ಯಾರ ಮಾಡಿದ್ರು ಇದನ್ನ? ಮನಿ ಹೋತು ನೋಡು."

"ಕುಂದ್ರು. ಕೆಳಗ ಕೇಳು."

ಕೆಳಗೆ ದಿನೇಶನ ಡ್ರಿಲ್ ಗುಂಯ್‌ಗುಟ್ಟುತ್ತಿತ್ತು. ಅದು ನಿಂತ ಮೇಲೆ ಅಂಜನಮ್ಮನ ದನಿ ಮೆಟ್ಟಿಲು ಹತ್ತಿ ಬಂತು. "ಹುಲಿಗೆಮ್ಮೋರೇ, ಒಸಿ ಬಂದು ನೋಡ್ರೀ, ನಿಮ್ಮದ್ರ ಥರಾನೇ ಹಚ್ಚಿದಾನಾ ಅಂತ."

ಬಸವಂತ ತಾಯಿಯ ಮುಖ ನೋಡಿದ. ಹುಲಿಗೆವ್ವ ಚಪ್ಪಲಿ ಮೆಟ್ಟಿಕೊಂಡು, "ಬಂದೇ ತಡೀರಿ" ಎನ್ನುತ್ತ ಕೆಳಗಿಳಿದಳು.