ಜೀನ್ಸ್ ತುಂಡು ಎಬ್ಬಿಸಿದ ಗುಡ್ಡ

“ಒಂದು ಗೇಣು ರೇಷ್ಮಿ ಬಟ್ಟಿ ತಂದ ಮಾತ್ರಕ್ಕ ನನಗ ಎಲೆಕ್ಟ್ರೋಕೆಮಿಸ್ಟ್ರಿ ಕಲಿಸಾಕ ಬಂದಿಯೇನು?” ಪಂಚಾಕ್ಷರಯ್ಯ ಸಾರ್ ಮೇಜು ಗುದ್ದಿದರು. ಬೀಕರುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. “ಹತ್ತೊಂಬತ್ತು ವರ್ಷದಿಂದ ಬರೋ ಗುಡ್ಡ ನಿನ್ನ ಕೈಯಾಗ ಬರಲಿಲ್ಲ ಅಂದ್ರ ತಪ್ಪು ನಿನ್ನ ಕೈದು. ಗುಡ್ಡದ್ದಲ್ಲ.”

“ನನ್ ಕೈದೇ ತಪ್ಪು ಅಂತಿಟ್ಕಳಿ ಸಾರ್,” ಎಂದಳು ಭುವನಾ. ಅವಳ ಮಾತು ನೆಟ್ಟಗಿತ್ತು. “ಓಬಳಪ್ಪಣ್ಣನ ಕೈಲಿ ಮಾಡ್ಸಿ ನೋಡಿ. ಅವರ ಕೈ ಮೇಲಾದ್ರೂ ನಿಮಗೆ ನಂಬ್ಕೆ ಐತಲ್ಲ.”

ನಲ್ಲಿಯ ಹತ್ತಿರ ಗಾಜಿನ ಸಾಮಾನು ತೊಳೆಯುತ್ತಿದ್ದ ಅಟೆಂಡರ್ ಓಬಳಪ್ಪ ಕೈ ಒರೆಸಿಕೊಂಡ. ದೊಡ್ಡವರ ಜಗಳದಲ್ಲಿ ತನ್ನ ಹೆಸರು ಬಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಮೇಜಿನ ಮೇಲಿದ್ದ ಪ್ರಯೋಗದ ಕಡ್ಡಿಯನ್ನು ಕೈಗೆತ್ತಿಕೊಂಡ.

ಗುಡ್ಡ ಎಂದರೆ ಕಿಟಕಿಯಾಚೆ ಕಾಣುವ ರಾಯದುರ್ಗದ ಕೋಟೆ ಗುಡ್ಡವಲ್ಲ. ಇದು ಕಂಪ್ಯೂಟರ್ ಪರದೆಯ ಮೇಲೆ ಏಳುವ ಗುಡ್ಡ. ಸಾರ್ ತಾಮ್ರಕ್ಕೆ ಇನ್ನೊಂದು ಪದಾರ್ಥ ಕೂಡಿಸಿ ಒಂದು ಹಸಿರು ಪುಡಿ ಮಾಡಿದ್ದರು. ಅದು ತಾಮ್ರದ ಸಂಕೀರ್ಣ. ಅದನ್ನು ಉಪ್ಪುನೀರಿನಲ್ಲಿ ಕರಗಿಸಿ, ಪೆನ್ನಿನಂಥ ಕಡ್ಡಿಯೊಂದನ್ನು ಅದ್ದಿ, ವಿದ್ಯುತ್ತನ್ನು ಮೆಲ್ಲಗೆ ಏರಿಸುತ್ತ ಹೋದರೆ ಪರದೆಯ ಗೆರೆ ಒಂದು ಕಡೆ ಎದ್ದು ಮತ್ತೆ ಇಳಿಯುತ್ತಿತ್ತು. ಆ ಏರು ನನ್ನ ತಾಮ್ರದ್ದು ಎಂದು ಸಾರ್ ಹನ್ನೊಂದು ಪ್ರಬಂಧ ಅಚ್ಚು ಹಾಕಿಸಿದ್ದರು. ಇಬ್ಬರಿಗೆ ಡಾಕ್ಟರೇಟ್ ಕೊಡಿಸಿದ್ದರು. ಮೂರನೆಯವಳು ಭುವನಾ, ಮಡಕಶಿರದ ರೇಷ್ಮೆ ನೂಲು ತೆಗೆಯುವವರ ಮಗಳು. ಸೋಮವಾರ ಅವಳ ಥೀಸಿಸ್ ಸಾರ್ ಸಹಿಯೊಂದಿಗೆ ಯೂನಿವರ್ಸಿಟಿಗೆ ಹೋಗಬೇಕಿತ್ತು. ಇವತ್ತು ಶುಕ್ರವಾರ.

ಆ ಕಡ್ಡಿಯ ತುದಿಯಲ್ಲಿ ಇಂಗಾಲದ ಕರಿ ಬಿಲ್ಲೆಯೊಂದು ಕೂತಿದೆ. ಪ್ರತಿಸಲ ಅದ್ದುವ ಮುಂಚೆ ಬಟ್ಟೆಯ ಮೇಲೆ ಬಿಳಿ ಪುಡಿ ಹಾಕಿ ಅದನ್ನು ಕನ್ನಡಿಯಾಗುವಂತೆ ಉಜ್ಜಬೇಕು. ಅದು ಓಬಳಪ್ಪನ ಕೆಲಸ. ಎಂಟರ ಆಕಾರದಲ್ಲಿ, ಒತ್ತಡ ಹೆಚ್ಚೂ ಆಗದೆ ಕಡಿಮೆಯೂ ಆಗದೆ ಉಜ್ಜುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಂಪನಿಯ ಬಟ್ಟೆಗೆ ಬರೆದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಹಾಗಾಗಿ ಸಾರ್ ಹೇಳಿದಂತೆ, ಅವನ ಹೆಂಡತಿ ಮಂಗಳಾ ಹೊಲಿಯುವ ಜೀನ್ಸ್ ಯೂನಿಟ್ಟಿನಿಂದ ಕತ್ತರಿಸಿ ಬಿಸಾಡಿದ ತುಂಡುಗಳು ಬರುತ್ತಿದ್ದವು. ರಾಯದುರ್ಗದಲ್ಲಿ ಜೀನ್ಸ್ ತುಂಡಿಗೇನು ಬರ. ಹೋದ ವಾರ ಲ್ಯಾಬಿಗೆ ತಂದಿಟ್ಟ ತುಂಡುಗಳು ಮುಗಿದಿದ್ದವು. ಭುವನಾ ಊರಿನಿಂದ ಬಣ್ಣ ಹಾಕದ ಬಿಳಿ ರೇಷ್ಮೆ ತಂದು ಉಜ್ಜಿದಳು. ಗುಡ್ಡ ಮಾಯವಾಯಿತು.

ಈಗ ಓಬಳಪ್ಪ ಅದೇ ರೇಷ್ಮೆಯ ಮೇಲೆ ಉಜ್ಜಿದ. ಕಡ್ಡಿ ತೊಳೆದು ಹಸಿರು ನೀರಿಗೆ ಇಳಿಸಿದ. ಮೂವರೂ ಪರದೆ ನೋಡಿದರು. ಗೆರೆ ಎಡದಿಂದ ಬಲಕ್ಕೆ ಹೋಯಿತು, ಕೆರೆಯ ನೀರಿನ ಹಾಗೆ ಸಪಾಟಾಗಿ.

“ಇನ್ನೊಮ್ಮಿ ಮಾಡು,” ಎಂದರು ಸಾರ್.

ಇನ್ನೊಮ್ಮೆ ಮಾಡಿದ. ಏನೂ ಏಳಲಿಲ್ಲ.

“ಇನ್ನೊಂದೈತೆ ಸಾರ್.” ಭುವನಾ ಚೀಲದಿಂದ ಒಂದು ಹೊಸ ಜೀನ್ಸ್ ತುಂಡು ತೆಗೆದಳು. “ಇದ್ರ ಮೇಲೆ ಉಜ್ಜಣ್ಣ. ಬರೀ ಉಪ್ಪುನೀರಿಗೆ ಅದ್ದು. ಹಸಿರು ಪುಡಿ ಹಾಕ್ಬ್ಯಾಡ.”

ಅವನು ಹಾಗೇ ಮಾಡಿದ. ಒಂದು ಚೂರೂ ತಾಮ್ರವಿಲ್ಲದ ನೀರು. ಗೆರೆ ನಡುವಿಗೆ ಬಂತು, ಎದ್ದಿತು, ಅದೇ ಗುಡ್ಡವಾಗಿ ನಿಂತಿತು.

ಸಾರ್ ಸ್ಟೂಲಿನ ಮೇಲೆ ಕುಸಿದು ಕೂತರು. “ಇಂಡಿಗೊ,” ಎಂದರು ತಮ್ಮಷ್ಟಕ್ಕೆ. “ಜೀನ್ಸಿನ ನೀಲಿ. ಬಟ್ಟಿಯಿಂದ ಕಡ್ಡಿಗೆ ಹತ್ತಿಕೊಂಡೈತಿ.”

ಫ್ಯಾನು ತಿರುಗುತ್ತಿತ್ತು. ಹನ್ನೊಂದು ಪ್ರಬಂಧ, ಹತ್ತೊಂಬತ್ತು ವರ್ಷ. ಓಬಳಪ್ಪನಿಗೆ ಅಯ್ಯೋ ಪಾಪ ಅನ್ನಿಸಿತು. ಒಂದು ಲೋಟ ನೀರು ತಂದು ಇಟ್ಟ. ಸಾರ್ ಮುಟ್ಟಲಿಲ್ಲ. ಕೀಬೋರ್ಡು ಎಳೆದುಕೊಂಡು ಏನೋ ಬಡಿದರು. ಪ್ರಿಂಟರಿನಿಂದ ಒಂದು ಹಾಳೆ ಹೊರಬಂತು.

“ಪ್ರಬಂಧ ಅಚ್ಚಾದ ಪತ್ರಿಕಿಗೆ ನಾವೇ ತಪ್ಪು ಒಪ್ಪಿ ಬರೆಯೋಣು. ಭುವನಾ, ಥೀಸಿಸಿನಾಗಿಂದ ಈ ಗುಡ್ಡ ಇರೋ ಮೂರನೇ ಅಧ್ಯಾಯ ತೆಗಿ. ಉಳಿದದ್ದಕ್ಕ ನಾ ಸಹಿ ಹಾಕ್ತೀನಿ.” ಆಮೇಲೆ ಹಾಳೆಯನ್ನು ಓಬಳಪ್ಪನ ಕಡೆ ಸರಿಸಿದರು. “ನೀ ಇಲ್ಲೊಂದು ಸಹಿ ಹಾಕಪಾ.”

“ಏನ್ರಿ ಸಾರ್ ಇದು?”

ಭುವನಾ ಹಾಳೆ ಎತ್ತಿಕೊಂಡು ಓದಿದಳು. ಅವಳ ಮುಖ ಕಪ್ಪಿಟ್ಟಿತು. “ಮಾರ್ಗದರ್ಶಕರಿಗೆ ತಿಳಿಸದೆ, ಲ್ಯಾಬ್ ಸಹಾಯಕ ಬಣ್ಣದ ಬಟ್ಟೆ ಬಳಸಿದ್ದಾನೆ. ಅವನ ನಿರ್ಲಕ್ಷ್ಯದಿಂದ ಈ ತಪ್ಪಾಗಿದೆ. ಹಿಂಗಂತ ಬರ್ದೈತೆ ಅಣ್ಣ.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕತೆ ಓಬಳಪ್ಪ ಕುರಿ ಕಾಯುವ ವಯಸ್ಸಿನಲ್ಲೇ ಕೇಳಿದ್ದ. ಆ ಮೇಕೆ ತಾನೇ ಆದೇನೆಂದು ಎಣಿಸಿರಲಿಲ್ಲ.

“ತಿಳಿಸದೇನಾ?” ಎಂದ. “ಮೊದಲ ದಿನ ತುಂಡು ತಂದಾಗ ನಾ ಏನು ಕೇಳಿದ್ದೆ ಸಾರ್? ಇದು ಬಣ್ಣ ಬಿಡ್ತದಲ್ರಿ ಅಂತ ಕೇಳಿದ್ದೆ. ಇದೇ ಜಾಗದಾಗ ನಿಂತು. ನೀವೇನಂದ್ರಿ? ನಿನ್ನ ಬಣ್ಣಕ್ಕೂ ನನ್ನ ಕರೆಂಟಿಗೂ ಏನು ಸಂಬಂಧ, ಸುಮ್ನ ಉಜ್ಜು ಅಂದ್ರಿ.”

“ನನಗ ನೆನಪಿಲ್ಲ.”

“ನನಗೈತಿ.”

“ಓಬಳಪ್ಪ, ನಿನ್ನ ನೌಕರಿಗೆ ಏನೂ ಆಗಂಗಿಲ್ಲ, ನಾ ನೋಡ್ಕೊಂತೀನಿ. ಹೆಸರೂ ಹಾಕಿಲ್ಲ, ಸಹಾಯಕ ಅಂತ ಅಷ್ಟ.”

“ಈ ಲ್ಯಾಬಿನಾಗ ಎಷ್ಟು ಮಂದಿ ಸಹಾಯಕರಿದೀವಿ ಸಾರ್?”

ಸಾರ್ ಕಣ್ಣು ತಪ್ಪಿಸಿದರು. “ಅಲ್ಲೋ, ಕೆಮಿಸ್ಟ್ರಿಯಾಗ ನಿನ್ನ ಹೆಸರು ಯಾರಿಗೆ ಗೊತ್ತೈತಿ? ಹೋದ್ರ ಏನು ಹೋಗ್ತದ? ನನ್ನದು ಹೋದ್ರ ಎಲ್ಲಾ ಹೋಗ್ತದ. ಈ ಹುಡುಗಿದೂ ಹೋಗ್ತದ. ನೀ ಸಹಿ ಹಾಕಿದ್ರನ ಆಕಿ ಥೀಸಿಸ್ ಸೋಮವಾರ ಹೋಗೋದು.”

ಓಬಳಪ್ಪನ ಮನೆಯ ಗೋಡೆಯ ಮೇಲೆ ಒಂದು ಲ್ಯಾಮಿನೇಷನ್ ಹಾಳೆ ಇದೆ. ಸಾರ್ ಬರೆದ ನಾಲ್ಕನೇ ಪ್ರಬಂಧದ ಕೊನೇ ಪುಟ. ಅದರ ತಳದಲ್ಲಿ, ಧನ್ಯವಾದ ಹೇಳುವ ಜಾಗದಲ್ಲಿ, ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಅವನ ಹೆಸರಿದೆ. ದೇವರ ಪಟದ ಪಕ್ಕದಲ್ಲೇ ಅದನ್ನು ತೂಗುಹಾಕಿದ್ದಕ್ಕೆ ಮಂಗಳಾ ನಗುತ್ತಿದ್ದಳು: “ದೇವ್ರಿಗೊಂದು ಊದುಬತ್ತಿ, ನಿನ್ನ ಹೆಸರಿಗೊಂದಾ?” ಆ ಹೆಸರು ಯಾರಿಗೂ ಗೊತ್ತಿಲ್ಲ ಎಂದು ಆ ಪುಟ ಬರೆದವರ ಬಾಯೇ ಈಗ ಹೇಳಿತ್ತು.

ಅವನು ಭುವನಾಳನ್ನು ನೋಡಿದ. ನಾಲ್ಕು ವರ್ಷ ಅವಳು ಸವೆಸಿದ್ದನ್ನು ಅವನು ಕಂಡಿದ್ದ. ಹಬ್ಬಕ್ಕೂ ಊರಿಗೆ ಹೋಗದೆ ಇದೇ ಸ್ಟೂಲಿನ ಮೇಲೆ ಬುತ್ತಿ ಬಿಚ್ಚುತ್ತಿದ್ದವಳು.

“ನೀ ಹೇಳು ತಂಗೀ. ಹಾಕ್ಲಾ?”

ಅವಳು ಹಾಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬೇಡ ಎಂದರೆ ಏನು ಕಳೆದುಕೊಳ್ಳುತ್ತಾಳೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಓಬಳಪ್ಪ ಪೆನ್ನು ತೆಗೆದುಕೊಂಡ. ಸಾರ್ ಸಹಿಯ ಜಾಗ ಬೆರಳಿಟ್ಟು ತೋರಿಸಿದರು. ಅವನು ಹಾಳೆಯನ್ನು ಮಗುಚಿ ಹಿಂದುಗಡೆ, ಊರ ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ, ಮೆಲ್ಲಗೆ ಕನ್ನಡದಲ್ಲಿ ಬರೆದ:

‘ಬಟ್ಟೆ ತಂದವನು ನಾನು. ತರಿಸಿದವರು ಸಾರ್. ಬಣ್ಣ ಬಿಡುತ್ತದೆ ಎಂದು ಮೊದಲ ದಿನವೇ ಹೇಳಿದ್ದೆ. ಉಜ್ಜಿದ್ದರಲ್ಲಿ ತಪ್ಪಿಲ್ಲ.’

ಕೆಳಗೆ ಪೂರ್ತಿ ಹೆಸರು ಬರೆದು ಹಾಳೆಯನ್ನು ಭುವನಾಳ ಕೈಗೆ ಕೊಟ್ಟ.

ಸಾರ್ ಬಗ್ಗಿ ಓದಿ ನಕ್ಕರು. ಅದು ನಗುವಾಗಿರಲಿಲ್ಲ. “ಯಾವ ಪತ್ರಿಕಿ ಕನ್ನಡ ಓದ್ತದ? ಯಾರಿಗೆ ತಿಳೀತದ ಇದು?”

“ಇಂಗ್ಲಿಷಿಗೆ ನಾನ್ ತರ್ತೀನಿ ಸಾರ್,” ಎಂದಳು ಭುವನಾ.

“ತಂದ್ರ ನನ್ನ ಸಹಿ ಇಲ್ಲ.”

“ಗೊತ್ತು ಸಾರ್.” ಹಾಳೆಯನ್ನು ಮಡಿಸಿ ಅವಳು ತನ್ನ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡಳು.

ಓಬಳಪ್ಪ ಸೊಂಟದಿಂದ ಲ್ಯಾಬಿನ ಬೀಗದ ಕೈ ಗೊಂಚಲು ಬಿಚ್ಚಿ ಮೇಜಿನ ಮೇಲಿಟ್ಟ. ಕಡ್ಡಿಯ ತುದಿಯನ್ನು ಬಿಳಿ ರೇಷ್ಮೆಯಿಂದ ಒರೆಸಿ ಅದರ ಪೆಟ್ಟಿಗೆಯಲ್ಲಿ ಮಲಗಿಸಿದ. ಅದೇನು ಮಾಡಿತ್ತು ಪಾಪ.

“ಎಲ್ಲಿಗೆ ಹೊಂಟಿ?” ಸಾರ್ ಎದ್ದು ನಿಂತರು. ದನಿ ಮೆತ್ತಗಾಗಿತ್ತು. “ನಾಳೆ ಒಂಬತ್ತಕ್ಕ ಬಾ. ಬಿಳೀ ಬಟ್ಟಿ ಮ್ಯಾಲ ಮೊದಲಿಂದ ಮಾಡೋಣು, ಎಲ್ಲಾ. ನೀ ಇಲ್ದ ಯಾರು ಉಜ್ಜಬೇಕು?”

“ಉಜ್ಜೋದು ಕಷ್ಟ ಅಲ್ರಿ. ಎಂಟರ ಆಕಾರ. ನೀವೂ ಕಲೀರಿ.”

ಅವನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಹಿಂದಿನಿಂದ ಸಾರ್ ಎರಡು ಸಲ ಅವನ ಹೆಸರು ಹಿಡಿದು ಕೂಗಿದ್ದು ಕೇಳಿಸಿತು. ಗೇಟು ದಾಟಿ, ಹೊಲಿಗೆ ಯಂತ್ರಗಳು ಗರಗರ ಎನ್ನುವ ರಸ್ತೆಗೆ ಬಿದ್ದ. ಮತ್ತೆಂದೂ ಆ ಮೆಟ್ಟಿಲು ಹತ್ತಲಿಲ್ಲ.