ಮೇಲೆ ಕೇಳಿದ ಪ್ರಶ್ನೆ

ಗಾನ್ ಸೂಲಾನ್‌ಳ ಎರಡೂ ಕೈಗಳಿಗೆ ಬಟ್ಟೆ ಸುತ್ತಿತ್ತು. ಕೈಕೋಳ ಹಾಕಲು ಜಾಗವೇ ಇರಲಿಲ್ಲ. ಬಾಯಿ ಒಣಗುತ್ತಿದೆ ಎಂದಾಗ ಅವಳನ್ನು ಕಾಯುತ್ತಿದ್ದ ಪೊಲೀಸ್ ಹುಡುಗಿ ಕಾಗದದ ಲೋಟದಲ್ಲಿ ಬಿಸಿನೀರು ತಂದಳು. ತುಟಿಗೆ ಹಿಡಿಯುವ ಮೊದಲು ಒಂದು ಹನಿಯನ್ನು ತನ್ನ ಮಣಿಕಟ್ಟಿನ ಮೇಲೆ ಹಾಕಿಕೊಂಡು ಬಿಸಿ ಎಷ್ಟಿದೆಯೆಂದು ನೋಡಿದಳು, ಮಗುವಿಗೆ ಹಾಲು ಕುಡಿಸುವವರ ಹಾಗೆ.

ನಾನು ಅದನ್ನು ಜಡ್ಜ್ ಪಕ್ಕದ ಕುರ್ಚಿಯಿಂದ ನೋಡಿದೆ. ನಮ್ಮಲ್ಲಿ ಇಂಥ ಕೇಸುಗಳಿಗೆ ಜಡ್ಜ್ ಜೊತೆ ಊರಿನ ಇಬ್ಬರನ್ನು ಪಂಚರೆಂದು ಕೂರಿಸುತ್ತಾರೆ. ಕಾನೂನು ಓದಿರಬೇಕಿಲ್ಲ. ನಾನು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿ ನಿವೃತ್ತಳಾದವಳು, ಊರಿಗೆಲ್ಲ ಈಗಲೂ ಟೀಚರ್. ಇನ್ನೊಂದು ಪಕ್ಕದಲ್ಲಿ ಕೂತಿದ್ದ ಲುವೋ ಬಸ್ ಡ್ರೈವರ್ ಆಗಿದ್ದವನು. ಒಳಗೆ ಬರುವಾಗಲೇ ನನ್ನ ಕಿವಿಯಲ್ಲಿ ಹೇಳಿದ್ದ:

"ಅಕ್ಕಾ, ನಾವಿಬ್ರು ಹೂದಾನಿ. ಎಡಕ್ಕೊಂದು, ಬಲಕ್ಕೊಂದು. ಅಲ್ಲಾಡದೇ ಕೂತ್ರೆ ಸಾಕು."

ನಡುವೆ ಕೂತಿದ್ದ ಜಡ್ಜ್ ಕುವಾಂಗ್ ರುಯಿ ಒಂದು ಕಾಲದಲ್ಲಿ ನನ್ನ ಶಿಷ್ಯೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈಯನ್ನು ಅರ್ಧವೇ ಎತ್ತುತ್ತಿದ್ದ ಹುಡುಗಿ.

ಬೇಸಿಗೆಯಲ್ಲಿ ಊರಾಚೆಯ ಪಟಾಕಿ ಕಾರ್ಖಾನೆಯಲ್ಲಿ ಮದ್ದು ಕಲಸುವ ಶೆಡ್ಡು ಸಿಡಿದು ಮೂವರು ಹೆಂಗಸರು ಸತ್ತರು. ಉಳಿದವಳು ಸೂಲಾನ್ ಒಬ್ಬಳೇ. ಅವಳು ಮದ್ದಿಗೆ ಕಬ್ಬಿಣದ ಸೌಟು ಹಾಕಿದಳು, ಕಿಡಿ ಹಾರಿತು ಎಂಬುದು ಆರೋಪ. ಕಪ್ಪಾದ ಸೌಟನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ತೋರಿಸಿದರು.

ಹೂದಾನಿ ಮಾತಾಡುವ ರೂಢಿಯಿಲ್ಲ. ಆದರೂ ನಾನು ಕೇಳಿದೆ: "ನೀನು ಕಲಸ್ತಿದ್ದಿದ್ದು ಯಾವುದರಲ್ಲಮ್ಮ?"

"ಬಿದಿರಿಂದು, ಟೀಚರ್. ನಮ್ಮಪ್ಪ ಕೆತ್ತಿ ಕೊಟ್ಟಿದ್ದು. ಆ ಸೌಟು ಪಕ್ಕದ ಅಡುಗೆಮನೇದು. ಮಧ್ಯಾಹ್ನದ ಬಿಸಿಲಲ್ಲಿ ಮದ್ದು ಮುಟ್ಟಬಾರದು ಅಂತ ನಾನು ಹೇಳ್ದೆ. ಆರ್ಡರ್ ಇವತ್ತೇ ಹೋಗ್ಬೇಕು ಅಂತ ಯಜಮಾನರು ಫೋನ್ ಮಾಡಿದ್ರು."

"ನಿನ್ನ ಬಿದಿರಿನ ಸೌಟು ಎಲ್ಲಿ?"

"ಸುಟ್ಟೋಯ್ತು. ಬಿದಿರು ಉಳಿಯುತ್ತಾ?"

ಮುಂದಿನ ಸಾಕ್ಷಿ ಅಡುಗೆಯವಳು. ಚೀಲದೊಳಗಿನ ಸೌಟನ್ನು ನೋಡಿದೊಡನೆ "ಅಯ್ಯೋ, ಇದು ನಂದೇ. ಹಿಡಿ ಸೊಟ್ಟ ಇರೋದು ನೋಡಿ" ಎಂದಳು. ನನ್ನ ಮಟ್ಟಿಗೆ ಕೇಸು ಅಲ್ಲಿಗೆ ಮುಗಿದಿತ್ತು.

ಸೂಲಾನ್‌ಳ ಕೊನೆಯ ಮಾತು ಕೈಗಳ ಬಗ್ಗೆ. ಬೆರಳುಗಳು ಒಂದಕ್ಕೊಂದು ಅಂಟಿ ಬೆಳೆಯುತ್ತಿವೆ. ಪ್ರಾಂತ್ಯದ ದೊಡ್ಡಾಸ್ಪತ್ರೆಯಲ್ಲಿ ಬೇಗ ಬಿಡಿಸದಿದ್ದರೆ ಮುಂದೆ ಬಿಡಿಸಲು ಆಗುವುದಿಲ್ಲವೆಂದು ಲಾಕಪ್ಪಿನ ಡಾಕ್ಟರ್ ಹೇಳಿದ್ದಾರೆ. "ನನ್ನನ್ನ ಬಿಟ್ಬಿಡಿ. ಚಾಪ್‌ಸ್ಟಿಕ್ ಹಿಡಿಯೋಷ್ಟಾದ್ರೂ ಉಳಿಸ್ಕೋತೀನಿ" ಎಂದು ಹೇಳಿ ನಮ್ಮ ಮೂವರಿಗೂ ಒಬ್ಬೊಬ್ಬರಿಗೇ ಬಗ್ಗಿ ನಮಸ್ಕರಿಸಿದಳು.

ಒಳಗಿನ ಕೋಣೆಯಲ್ಲಿ ಚರ್ಚೆಗೆ ಕೂತಾಗ ಲುವೋ ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಇದರಲ್ಲಿ ಚರ್ಚೆ ಮಾಡೋಕೇನಿದೆ? ಆ ಯಜಮಾನನ್ನ ಹಿಡೀಬೇಕು. ಹುಡುಗೀನ ಬಿಡಿ."

"ತಪ್ಪಿಲ್ಲ. ಬಿಡಬೇಕು" ಎಂದೆ ನಾನು.

ಕುವಾಂಗ್ ಕೂಡ ಹಾಗೇ ಹೇಳಿದಳು. ಮೂವರದೂ ಒಂದೇ ಮಾತು. ಆದರೆ ಅವಳು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಳು.

"ಟೀಚರ್, ನಮ್ಮ ಮೂರು ಜನರ ಮಾತೇ ತೀರ್ಪಾಗಲ್ಲ. ಇಂಥ ಕೇಸು ಮೂರನೇ ಮಹಡಿಯ ಹಿರಿಯ ಜಡ್ಜ್‌ಗಳ ಸಮಿತಿಗೆ ಹೋಗುತ್ತೆ."

"ಅವರಲ್ಲಿ ಯಾರೂ ವಿಚಾರಣೆಗೆ ಬಂದೇ ಇಲ್ವಲ್ಲೇ?"

"ಬರಲ್ಲ. ನಾವು ಕೇಳ್ತೀವಿ, ಅವರು ತೀರ್ಮಾನ ಮಾಡ್ತಾರೆ." ಆಮೇಲೆ ಮೆಲ್ಲಗೆ ಹೇಳಿದಳು, "ಅದಕ್ಕೆ ನಾನೊಂದು ಯೋಚನೆ ಮಾಡಿದೀನಿ. ಮೊದಲೇ ನಗರದ ಮೇಲಿನ ಕೋರ್ಟಿಗೆ ಹೋಗಿ ಕೇಳ್ಕೊಂಡು ಬರ್ತೀನಿ. ಅಲ್ಲಿಂದ 'ಬಿಡಿ' ಅಂತ ಒಂದು ಮಾತು ಬಂದ್ರೆ ಮೂರನೇ ಮಹಡಿಯವರು ಉಸಿರೆತ್ತಲ್ಲ. ನಾವು ಬಿಟ್ಟ ಮೇಲೆ ಮೇಲಿನ ಕೋರ್ಟಿನವರು ಮತ್ತೆ ಹಿಡಿದು ತರ್ಸಿದ್ರೆ ಅವಳ ಗತಿ ಏನು?"

ನನಗೂ ಅದು ಸರಿ ಅನ್ನಿಸಿತು. ನಮ್ಮ ಕಾಲವೆಲ್ಲ ಹಾಗೇ ಕಳೆದಿದೆ. ಶಾಲೆಯಲ್ಲಿ ಒಂದು ಕಿಟಕಿ ಬದಲಾಯಿಸಲೂ ಮೇಲಿನವರನ್ನು ಕೇಳುತ್ತಿದ್ದೆವು. ಕೇಳಿದವರಿಗೆ ಯಾರೂ ಬೈಯುತ್ತಿರಲಿಲ್ಲ, ಕೇಳದವರಿಗೆ ಬೈಯುತ್ತಿದ್ದರು. ಹೋಗುವ ದಿನ ಬಸ್ಸಿನಲ್ಲಿ ತಿನ್ನಲೆಂದು ಅವಳಿಗೆ ಎರಡು ಕಿತ್ತಳೆ ಕೊಟ್ಟು ಕಳಿಸಿದೆ.

ಮರುವಾರ ಅವಳು ನನ್ನನ್ನು ಕರೆಸಿಕೊಂಡಳು. ಕೋಣೆ ಥಂಡಿಯಾಗಿತ್ತು. ತನ್ನ ಬಿಸಿನೀರಿನ ಚೀಲವನ್ನು ನನ್ನ ಮಡಿಲಲ್ಲಿಟ್ಟು ಮೇಲೆ ಶಾಲು ಹೊದಿಸಿದಳು.

"ಏನಂದ್ರೇ?"

"ಮೂರೂವರೆ ವರ್ಷ ಅಂದ್ರು."

"ಸೌಟಿನ ವಿಷಯ ಹೇಳ್ಲಿಲ್ವಾ?"

"ಹೇಳ್ದೆ. ನಂಬಿದ್ರು ಕೂಡ. ಆದ್ರೆ ಸತ್ತವರ ಕಡೆಯವರು ಸರ್ಕಾರಿ ಕಚೇರಿ ಗೇಟಲ್ಲಿ ಕೂತಿದಾರೆ, ಯಾರಾದ್ರೂ ಒಬ್ರು ತಪ್ಪಿತಸ್ಥರು ಬೇಕು ಅಂತ ಜಿಲ್ಲೆಯ ದೊಡ್ಡವರು ಮೇಲಿನ ಕೋರ್ಟಿನವರಿಗೆ ಆಗ್ಲೇ ಹೇಳಿದ್ರಂತೆ. ಯಜಮಾನನ್ನ ಒಳಗೆ ಹಾಕಿದ್ರೆ ಕಾರ್ಖಾನೆ ಮುಚ್ಚುತ್ತೆ, ಅಷ್ಟೊಂದು ಮನೆಗಳ ಒಲೆ ಆರುತ್ತೆ ಅಂತಾರೆ. ಮೇಲಿಂದ ಹೀಗೆ ಬಂದಿದೆ ಅಂತ ಗೊತ್ತಾದ ಕೂಡ್ಲೇ ಮೂರನೇ ಮಹಡಿಯವರೂ ಒಪ್ಪಿಬಿಟ್ರು."

"ಆಗ್ಲಿ ಬಿಡು. ಅಪೀಲು ಇದೆಯಲ್ಲ."

ಕುವಾಂಗ್ ನನ್ನ ಮುಖ ನೋಡಿದಳು. "ಟೀಚರ್, ಅಪೀಲು ಹೋಗೋದು ನಾನು ಕೇಳಿ ಬಂದವರ ಹತ್ರಾನೇ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮಡಿಲಲ್ಲಿದ್ದ ಬಿಸಿನೀರಿನ ಚೀಲ ಭಾರವೆನಿಸಿತು.

"ಕೇಳದೇ ಹೋಗಿದ್ರೆ ಮೂರನೇ ಮಹಡಿಯವರು ಶಿಕ್ಷೆ ಹಾಕ್ಸಿರೋರು, ನಿಜ. ಆದ್ರೆ ಮೇಲೆ ಒಂದು ಬಾಗಿಲು ಉಳೀತಿತ್ತು. ಅದನ್ನ ನಾನೇ ಹೋಗಿ ಹಾಕ್ಕೊಂಡು ಬಂದೆ" ಎಂದಳು. ಅಳಲಿಲ್ಲ. ಅತ್ತಿದ್ದರೆ ತಲೆ ಸವರಬಹುದಿತ್ತು.

ತೀರ್ಪಿಗೆ ಮೂವರ ಸಹಿ ಬೇಕು. ಲುವೋ ಪೆನ್ನು ಮುಟ್ಟಲೇ ಇಲ್ಲ. "ಹೂದಾನಿ ಸಹಿ ಯಾಕ್ರೀ ನಿಮಗೆ? ಬಿಟ್ಬಿಡಿ ಅಂತ ಹೇಳಿದ ಬಾಯಲ್ಲೇ ಜೈಲಿಗೆ ಹಾಕಿ ಅನ್ಲಾ?"

"ಮಾಡಲ್ಲ ಅಂದ್ರೆ ಬೇರೆಯವರನ್ನ ಕೂರಿಸಿ ಮೊದಲಿಂದ ವಿಚಾರಣೆ ಮಾಡ್ತಾರೆ, ಅಣ್ಣಾ. ಅಷ್ಟು ದಿನವೂ ಅವಳು ಲಾಕಪ್ಪಲ್ಲೇ. ಜಾಮೀನು ಎರಡು ಸಲ ಕೇಳಿಸ್ದೆ, ಮೂರನೇ ಮಹಡಿಯವರು ಕೊಡ್ಲಿಲ್ಲ. ಶಿಕ್ಷೆ ಆದ್ಮೇಲಾದ್ರೂ ಆಸ್ಪತ್ರೆಗೆ ಕಳಿಸಿ ಅಂತ ಅರ್ಜಿ ಹಾಕ್ಬಹುದು. ಕೈ ಉಳಿಯೋಕೆ ಅದೊಂದೇ ದಾರಿ ಕಾಣ್ತಿದೆ."

ಲುವೋ ನನ್ನ ಕಡೆ ನೋಡಿದ. ನಾನು ಸಹಿ ಮಾಡಿದೆ. ಆಮೇಲೆ ಅವನೂ ಮಾಡಿದ. ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹೊರಟುಹೋದ.

ತೀರ್ಪಿನ ದಿನ ಎಲ್ಲರೂ ಎದ್ದು ನಿಂತಿದ್ದೆವು. ಕುವಾಂಗ್ ಒಂದೇ ಸ್ವರದಲ್ಲಿ ಓದಿದಳು. ವರ್ಷಗಳ ಲೆಕ್ಕ ಬಂದಾಗ ಸೂಲಾನ್ ಅಲ್ಲಾಡಲಿಲ್ಲ, ತನಗಲ್ಲವೇನೋ ಎಂಬಂತೆ ಕೇಳುತ್ತಿದ್ದಳು. ಕೊನೆಯಲ್ಲಿ ತೀರ್ಪು ಕೊಟ್ಟವರ ಹೆಸರುಗಳು. ಔಯಾಂಗ್ ಎಂಬ ನನ್ನ ಹೆಸರು ಕೇಳಿದಾಗ ತಲೆ ಎತ್ತಿದಳು.

"ಟೀಚರ್, ಬಿದಿರಿಂದು ಅಂತ ನೀವು ಕೇಳ್ಸಿಕೊಂಡ್ರಲ್ಲ?"

ಒಳಗಿನ ಚರ್ಚೆಯನ್ನು ಹೊರಗೆ ಹೇಳುವ ಹಾಗಿಲ್ಲ. ಪೊಲೀಸ್ ಹುಡುಗಿ ಸೂಲಾನ್‌ಳ ಹತ್ತಿಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಹೆಗಲು ಹಿಡಿದು ಕರೆದುಕೊಂಡು ಹೋದಳು. ಅಷ್ಟು ಜನ ಒಳ್ಳೆಯವರಿದ್ದರು ಆ ಕಟ್ಟಡದಲ್ಲಿ. ಬಾಗಿಲು ತೆರೆಯಬಲ್ಲವರು ಒಬ್ಬರೂ ಇರಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಅವಳ ಅಪ್ಪ ಕೂತಿದ್ದರು. ಬಿದಿರು ಕೆತ್ತುವ ಕೈ, ಗಂಟುಗಂಟು. ನನ್ನನ್ನು ಕಂಡು ಎದ್ದರು. ಬೈಯುತ್ತಾರೆಂದುಕೊಂಡೆ. ಅವರು ಸುಟ್ಟ ಸಿಹಿಗೆಣಸನ್ನು ಮುರಿದು ದೊಡ್ಡ ತುಂಡನ್ನು ನನ್ನ ಕಡೆ ಚಾಚಿದರು.

"ತಿನ್ನಿ ಟೀಚರ್, ಬೆಳಗ್ಗೆಯಿಂದ ನಿಂತಿದೀರಿ. ಒಳಗೆ ನನ್ನ ಮಗಳನ್ನ ಮನುಷ್ಯರ ಥರ ಮಾತಾಡ್ಸಿದ್ದು ನೀವೊಬ್ರೇ." ಆಮೇಲೆ ಸಂಕೋಚದಿಂದ ಹೇಳಿದರು, "ನನಗೆ ಅಕ್ಷರ ಸರಿಯಾಗಿ ಬರಲ್ಲ. ವಕೀಲರು ಫೋನ್ ಎತ್ತುತ್ತಿಲ್ಲ. ಅಪೀಲು ಬರೆದುಕೊಡ್ತೀರಾ? ಮೇಲಿನೋರು ಎಲ್ಲಾ ಹೊಸದಾಗಿ ನೋಡ್ತಾರಂತಲ್ಲ?"

ಪಂಚಳಾಗಿ ಕೂತವಳು ಆ ಕೇಸಿನ ಅಪೀಲು ಬರೆಯುವುದಿರಲಿ, ಅದರ ಬಗ್ಗೆ ಮಾತಾಡುವುದೂ ತಪ್ಪು. ಆಡಿದ್ದು ಹೊರಬಿದ್ದರೆ ಕುವಾಂಗ್ ತನ್ನ ಕೆಲಸವನ್ನೇ ಕಳೆದುಕೊಳ್ಳುತ್ತಾಳೆ. ಆದರೆ ಆ ಗೆಣಸು ನನ್ನ ಕೈಯಲ್ಲಿ ಇನ್ನೂ ಬಿಸಿಯಾಗಿತ್ತು. ಸುಳ್ಳು ಭರವಸೆ ಕೊಟ್ಟು ಅವರನ್ನು ನಗರದ ಕೋರ್ಟಿನ ಬಾಗಿಲಲ್ಲಿ ಚಳಿಗಾಲವೆಲ್ಲ ನಿಲ್ಲಿಸಲು ಮನಸ್ಸಾಗಲಿಲ್ಲ.

"ಅಣ್ಣಾ, ಅವರನ್ನ ಮೊದಲೇ ಕೇಳಿ ಆಗಿದೆ. ಒಳ್ಳೇದಾಗ್ಲಿ ಅಂತಾನೇ ಕೇಳಿದ್ದು. ಅವರು ಹೇಳಿದ್ದನ್ನೇ ಇವತ್ತು ಇಲ್ಲಿ ಓದಿದ್ದು."

ಅವರು ಗೆಣಸಿನ ಸಿಪ್ಪೆಯನ್ನು ಸಣ್ಣಗೆ ಮಡಚಿ ಜೇಬಿಗೆ ಹಾಕಿಕೊಂಡರು.

"ಕೈ ವಿಷಯ ಕೇಳಿದ್ರಾ?"

"ಏನಂದ್ರಿ?"

"ಅವಳ ಕೈ. ಬೆರಳು ಅಂಟ್ತಿರೋದು. ಅದನ್ನ ಮೇಲೆ ಕೇಳಿದ್ರಾ?"

ಸೌಟಿನ ವಿಷಯ ಕುವಾಂಗ್ ಹೇಳಿದ್ದಳು. ಸತ್ತವರ ಮನೆಯವರು, ಯಜಮಾನ, ಕಾರ್ಖಾನೆ, ಎಲ್ಲದರ ಮಾತೂ ಬಂದಿತ್ತು. ಕೈಗಳ ಮಾತು ಬಂದಿತ್ತೇ? ನಾನೂ ಅವಳನ್ನು ಕೇಳಿರಲಿಲ್ಲ.

"ಗೊತ್ತಿಲ್ಲ" ಎಂದೆ.

"ಹಾಗಾದ್ರೆ ಅದನ್ನೇ ಬರೀರಿ. ಅದಕ್ಕೆ ಅವರು ಇನ್ನೂ ಇಲ್ಲ ಅಂದಿಲ್ವಲ್ಲ."

ಅವರನ್ನು ಮನೆಗೆ ಕರೆದುಕೊಂಡು ಬಂದೆ. ಊಟದ ಮೇಜು ಒರೆಸಿ, ಕನ್ನಡಕ ಹಾಕಿಕೊಂಡು ಕೂತೆ. ಎದುರು ಕೂತ ಅಪ್ಪ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು, ನಾನು ತಪ್ಪು ಬರೆಯಬಾರದೆಂದು.

"ಎಡಗೈಯಲ್ಲಿ ಇದೂ ಇದೂ ಸೇರ್ಕೊಂಡಿದೆ" ಎಂದು ಬೆರಳುಗಳನ್ನು ಜೋಡಿಸಿ ಹಿಡಿದರು. "ಲಾಕಪ್ಪಿನ ಡಾಕ್ಟರ್ ಹೋದ ತಿಂಗಳು ಹೇಳಿದಾಗ ಬಲಗೈಯಲ್ಲಿ ಹೆಬ್ಬೆರಳು ಬಿಡಿಯಾಗೇ ಇತ್ತು. ಈಗ ಹೇಗಿದೆಯೋ, ನೋಡೋಕೆ ಬಿಡಲ್ಲ. ಬಿಡಿಯಾಗಿದೆ ಅಂತಾನೇ ಬರೀರಿ ಟೀಚರ್. ಬೇಗ ಬರೀರಿ."